ಮೊದಲ ಸದ್ದು ಒಂದೇ

ಫಿನ್ಲೆಂಡಿನ ಔಲು ಪೇಟೆಯಲ್ಲಿ ಮೀನು ಮಾರುವವಳು ನಾನು, ಸೋಯ್ಲಿ.
ಗಿರಾಕಿ ಬಾಯಿ ತೆರೆಯುವ ಮೊದಲೇ
ಮುಯಿಕ್ಕು ಮೀನು ತಕ್ಕಡಿಗೆ ಬಿದ್ದಿರುತ್ತದೆ.
ನೂರಕ್ಕೆ ತೊಂಬತ್ತು ಸಲ ಸರಿ.
ಉಳಿದ ಹತ್ತು ಸಲ ಅವರೇ ಸುಮ್ಮನೆ ಒಯ್ಯುತ್ತಾರೆ,
ನಮ್ಮ ಊರಿನವರಿಗೆ ಮಾತಿಗಿಂತ ಮೀನು ಸುಲಭ.

ತಮ್ಮ ಇಲ್ಪೊ ಉಗ್ಗುತ್ತಾನೆ.
ಅವನ ಅರ್ಧ ಮಾತು ನನ್ನ ಬಾಯಲ್ಲೇ ಬೆಳೆದದ್ದು.
ಶಾಲೆಯಲ್ಲಿ, ಬಸ್ಸಿನಲ್ಲಿ, ಹಲ್ಲಿನ ಡಾಕ್ಟರ ಎದುರು
ಅವನು ಒಂದು ಅಕ್ಷರ ಎತ್ತಿದರೆ ಸಾಕು,
ಉಳಿದದ್ದನ್ನು ನಾನು ಇಳಿಸುತ್ತಿದ್ದೆ.
ಎಂಥಾ ಅಕ್ಕ ಅನ್ನುತ್ತಿದ್ದರು ಎಲ್ಲರೂ.

ಈಗ ಅವನು ಯಂತ್ರಗಳಿಗೆ ಬೇಗ ಮಾತಾಡಲು ಕಲಿಸುತ್ತಾನಂತೆ.
ನಗು ಬಂತು. ಬಂದದ್ದನ್ನು ಕಾಫಿಯಲ್ಲಿ ಮುಳುಗಿಸಿದೆ.
ಭಾನುವಾರ. ಕಿಟಕಿಯಾಚೆ ಹೊಳೆ ಕಲ್ಲಾಗಿತ್ತು,
ಮಧ್ಯಾಹ್ನ ಎರಡಕ್ಕೇ ದೀಪ ಹಾಕಿದ್ದೆವು.
ಮೇಜಿನ ಮೇಲೆ ಸಕ್ಕರೆ ಬಿಲ್ಲೆ ಜೋಡಿಸುತ್ತ ಹೇಳಿದ.
ಹೇಳಿದ ಅಂದರೆ ಅರ್ಧ ಗಂಟೆ;
ಇಲ್ಲಿ ನಾನು ಬೇಗ ಮುಗಿಸುತ್ತಿದ್ದೇನೆ, ಹಳೆಯ ಚಾಳಿ.

ದೊಡ್ಡದು ನಿಧಾನ. ಯೋಚನೆ ನಿಧಾನವಲ್ಲ, ಹೊರೆ.
ಪದದ ಒಂದೊಂದು ಚೂರಿಗೂ
ಇಡೀ ಉಗ್ರಾಣ ಹೊತ್ತು ತಂದು, ಒಂದು ಕಾಳು ಆರಿಸಿ,
ಮತ್ತೆ ಹೊತ್ತು ತರಬೇಕು.
ಆಡಿದ್ದನ್ನು ಮರೆಯದಂತೆ ಪಕ್ಕದಲ್ಲೊಂದು ಕಪಾಟಿದೆ,
ಆಡಲಿರುವುದಕ್ಕೆ ಕಪಾಟಿಲ್ಲ.
ನಮ್ಮ ಭಾಷೆಗೆ ಇನ್ನೂ ಕಷ್ಟ: ರೈಲಿನಷ್ಟುದ್ದದ ಪದ
ಏಳೆಂಟು ಚೂರಾಗಿ, ಚೂರಿಗೊಂದು ಸಲ ಉಗ್ರಾಣ.

ಅದಕ್ಕೇ ಜೊತೆಗೊಂದು ಚಿಕ್ಕದನ್ನು ಕೂರಿಸುತ್ತಾರೆ.
ಹಗುರ ಮೈ, ಚುರುಕು ಬಾಯಿ, ತಿಳಿವಳಿಕೆ ಅಷ್ಟಕ್ಕಷ್ಟೇ.
ಅದು ಮುಂದೋಡಿ ನಾಲ್ಕು ಚೂರು ಊಹಿಸಿಡುತ್ತದೆ.
ದೊಡ್ಡದು ಒಂದೇ ಹೊರೆಯಲ್ಲಿ ನಾಲ್ಕನ್ನೂ ನೋಡುತ್ತದೆ.

"ಅಂದರೆ ನಾನು!" ಅಂದುಬಿಟ್ಟೆ.

ಅವನು ತಲೆಯಾಡಿಸಲಿಲ್ಲ. ಮೂರನೆಯ ಬಿಲ್ಲೆ ತೆಗೆದ,
ನಾಲ್ಕನೆಯದನ್ನೂ.
"ಮೊ-ಮೊದಲ ತಪ್ಪು ಸಿಕ್ಕಲ್ಲಿಂದ
ಮುಂದಿನದೆಲ್ಲ ಚೆ-ಚೆಲ್ಲುತ್ತದೆ.
ಆ ಜಾಗದಲ್ಲಿ ತನ್ನದೇ ಪದ ಇಡುತ್ತದೆ.
ಒಂಟಿಯಾಗಿದ್ದರೆ ಏನು ಹೇಳುತ್ತಿತ್ತೋ ಅ-ಅದೇ.
ಬೇಗ ಆಗುತ್ತದೆ. ಬೇರೆ ಆಗುವುದಿಲ್ಲ."

ಆಮೇಲೆ, ಒಂದೂ ತಡವರಿಕೆಯಿಲ್ಲದೆ:
"ನೀನು ತಿರುಗಿ ನೋಡಲೇ ಇಲ್ಲ, ಸೋಯ್ಲಿ."

ಅಪ್ಪನ ಕೊನೆಯ ವಾರ. ಆಸ್ಪತ್ರೆಯ ಹಸಿರು ಪರದೆ.
"ನನ್ನ ಮೇಲೆ ಸಿಟ್ಟಿದೆಯೇನೋ?" ಅಂದ ಅಪ್ಪ, ಅವನಿಗೆ.
ನಮ್ಮಲ್ಲಿ ಇಲ್ಲ ಅನ್ನುವುದಕ್ಕೆ ಎನ್,
ಇರಬಹುದು ಅನ್ನುವುದಕ್ಕೆ ಎಹ್ಕ್ಯಾ.
ಮೊದಲ ಸದ್ದು ಒಂದೇ.
ಇಲ್ಪೊ ಆ ಸದ್ದಿನ ಹೊಸ್ತಿಲಲ್ಲಿ ನಿಂತ.
"ಇಲ್ಲಪ್ಪ, ಇಲ್ಲ" ಎಂದೆ ನಾನು.
ಅಪ್ಪ ಕಣ್ಣು ಮುಚ್ಚಿದ, ಹಣೆಯ ಗಂಟು ಸಡಿಲಿತು.
ಹದಿನೇಳು ವರ್ಷ ಅದನ್ನು
ಪುಣ್ಯದ ಲೆಕ್ಕದಲ್ಲಿ ಬರೆದಿಟ್ಟುಕೊಂಡಿದ್ದೆ.

"ಯಾವುದಿತ್ತು?"
ಮೇಜಿನ ಮೇಲಿನ ಸಕ್ಕರೆ ಪುಡಿಯನ್ನು ಬೆರಳಿಂದ ಒತ್ತಿ ತೆಗೆದ.
"ಎಹ್ಕ್ಯಾ. ಆದರೆ ಅದರ ಹಿಂದೆ
ಇನ್ನೊಂದು ವಾ-ವಾಕ್ಯ ಇತ್ತು."

ಆ ವಾಕ್ಯವನ್ನು ನಾನು ಊಹಿಸಬಲ್ಲೆ.
ಮೂರು ಊಹೆಗಳು ನಾಲಿಗೆ ತುದಿಗೆ ಬಂದು ನಿಂತವು.
ಮೂರೂ ಚೆನ್ನಾಗಿದ್ದವು.
ನುಂಗಿದೆ.

ಊರಿನಾಚೆ ಅವನ ಯಂತ್ರಗಳು ಗುನುಗುತ್ತ
ನಮ್ಮ ಬಚ್ಚಲ ನೀರನ್ನೂ ಕಾಯಿಸುತ್ತವಂತೆ.
ಇಷ್ಟರಲ್ಲಿ ಎಷ್ಟು ಸಾವಿರ ಜನಕ್ಕೆ ಉತ್ತರ ಹೋಗಿದೆಯೋ.
ಎದ್ದು ಕೆಟಲ್ ತಂದೆ.
"ಇನ್ನೂ ಸ್ವಲ್ಪ ಹಾಕಲಾ?"
"ಎ..." ಅಂದ ಇಲ್ಪೊ.
"ಎ..."
ಬಾಗಿಸಿ ಹಿಡಿದಿದ್ದೇನೆ.
ಮೂತಿಯಲ್ಲೊಂದು ಹನಿ.
ತೋಳು ನೋಯುತ್ತಿದೆ.